ಚರ್ಚಿನ ಕ್ವಾಯರ್ ಬಿಟ್ಟ ಮಗಳಿಗೊಂದು ಪತ್ರ

ಅವ್ವೀ,

ನಿನ್ನೆ ರಾತ್ರಿ "ಕ್ವಾಯರ್ ಬಿಟ್ಟೆ ಅಪ್ಪಾ, ಇನ್ನ ಏನೂ ಕೇಳಬ್ಯಾಡ" ಅಂದು ಫೋನ್ ಇಟ್ಟುಬಿಟ್ಟೆ. ಕೇಳೋದಿಲ್ಲ, ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ದನಿ ಏರಿಸುತ್ತೇನೆ.

ಕ್ರಿಸ್‌ಮಸ್ಸಿಗೆ ಇನ್ನು ಮೂರು ವಾರ. ನಿಮ್ಮ ಹಾಡಿನ ಗುಂಪಿನ ಆ ಹುಡುಗಿ ಪ್ರಾಕ್ಟೀಸಿಗೆ ತಡವಾಗಿ ಬರುತ್ತಾಳೆ, ಸ್ವರ ಕಲಿತಿರೋದಿಲ್ಲ, ಆದರೂ ಮುಂದೆ ನಿಲ್ಲೋದು ಅವಳೇ. ನಿನ್ನ ಸಿಟ್ಟು ನನಗೆ ತಿಳಿಯುತ್ತದೆ. ನಿನ್ನ ಕಿವಿ ಭಾಳ ಚಲೋ. ಯಾರಾದರೂ ಒಂದು ಸ್ವರ ಜಾರಿದರೆ ನಿನ್ನ ಎಡ ಹುಬ್ಬು ಮೇಲೇಳುತ್ತದೆ. ಆ ಹುಬ್ಬು ನನ್ನದೇ, ಅಲ್ವಾ?

ಕುಂಬಳಕಾಯಿ ಕಥೆಗೆ ನೀನು ಈಗಲೂ ನಗುತ್ತೀ. ಆಗ ನಿನಗೆ ಐದು ವರ್ಷ. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿ ಹಾಡಿಸುತ್ತಿದ್ದ ಪೇಟಿ ಮಾಸ್ತರು ಪ್ರತಿ ಹಾಡನ್ನೂ ಎಳೆಯುತ್ತಿದ್ದರು. ಒಂದು ದಿನ ನಾನು ಎಲ್ಲರ ಮುಂದೆ "ಮಣ್ಣಿಗೆ ಬಂದವರ ಹಂಗ ಹಾಡಸ್ತೀರಲ್ರೀ" ಅಂದೆ, ಪುಸ್ತಕ ಮುಚ್ಚಿ ಎದ್ದು ಬಂದೆ. ಮುಂದೆ ಚರ್ಚಿನ ಸುಗ್ಗಿ ಹಬ್ಬದಲ್ಲಿ, ಕಾಣಿಕೆ ಬಂದದ್ದರ ಹರಾಜಿನಲ್ಲಿ, ನಾವು ಕೊಟ್ಟ ಹಿತ್ತಲಿನ ಕುಂಬಳಕಾಯಿಗೆ ಅವರು 300 ರೂಪಾಯಿ ಕೂಗಿದರು. ಅವರ ಸಂಬಳ ಎಷ್ಟು ಅಂತ ನನಗೆ ಗೊತ್ತಿತ್ತು. ಸಂಜೆ ಅದನ್ನೇ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದರು. ನಾನು ಒಳಗಿನಿಂದ ನಿನ್ನನ್ನು ಕಳಿಸಿದೆ. ನೀನು ಹೊಸ್ತಿಲ ಮೇಲೆ ನಿಂತು, "ಅಪ್ಪಾ ಮನ್ಯಾಗ ಇಲ್ಲಂತ ಹೇಳು ಅಂದಾನ್ರೀ" ಅಂದೆ.

ಅವರು ನಕ್ಕರು. ಕಾಯಿ ಕಟ್ಟೆಯ ಮೇಲಿಟ್ಟರು. ಸೈಕಲ್ ಸ್ಟ್ಯಾಂಡ್ ಒದ್ದ ಸಪ್ಪಳ ಬಾಗಿಲ ಹಿಂದೆ ನಿಂತ ನನಗೆ ಕೇಳಿಸಿತು.

ಕುಂಬಳಕಾಯಿ ಬೇಗ ಕೆಡೋದಿಲ್ಲ, ಅದೇ ತೊಂದರೆ. ಎರಡು ತಿಂಗಳು ಕಟ್ಟೆಯ ಮೇಲೇ ಕೂತಿತ್ತು. ನಿಮ್ಮವ್ವ ಎರಡು ಸಲ ಕೇಳಿ ಸುಮ್ಮನಾದಳು. ನಾನು ದಿನಾ ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೋದೆ. ಕಡೆಗೆ ತಿಪ್ಪೆಗೆ ಒಯ್ದವನೂ ನಾನೇ. ಮರುವರ್ಷ ಮಾಸ್ತರಿಗೆ ವರ್ಗವಾಯಿತು. ಹೋದ ಊರಲ್ಲೇ ತೀರಿಕೊಂಡರು.

ಅವರ ಜಾಗಕ್ಕೆ ಬಂದವರು ತಾಳ ಬಿಗಿಯಾಗಿ ಹಿಡಿದರು, ನಾನು ಬೇಡಿದ ಹಾಗೇ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಪಕ್ಕದ ಮುದುಕಿಯರು ಅರ್ಧ ಸಾಲಿಗೇ ಉಸಿರು ಸಾಲದೆ ಬಾಯಿ ಮುಚ್ಚಿದರು. ಮಾಸ್ತರು ಯಾರಿಗಾಗಿ ಎಳೆಯುತ್ತಿದ್ದರು ಅಂತ ಆವತ್ತು ಗೊತ್ತಾಯಿತು. ಮುಂದೆ ನಿಂತು ಹಾಡುವಾಗ ಆ ಮುದುಕಿಯರ ದನಿ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಕಣ್ಣು ಕೈಗೆ "ನೀನು ಬೇಡ" ಅನ್ನಲಾರದು ಅಂತ ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದು ನಿನಗೆ ಬಾಯಿಪಾಠ. ಸಂಡೇ ಸ್ಕೂಲಿನಲ್ಲಿ ಬಹುಮಾನ ಬಂತಲ್ಲ. ಆದರೆ ಅದೇ ಪೌಲ, ಸಾರಲು ಕೂಡಿ ಹೊರಟಿದ್ದ ಮಾರ್ಕ ನಡುದಾರಿಯಲ್ಲಿ ಬಿಟ್ಟುಹೋದವನು ಅಂತ ಜೊತೆಗಾರ ಬಾರ್ನಬನ ಜೊತೆ ಜಗಳ ಆಡಿ ಬೇರೆಯಾದ. ಕೊನೆಗಾಲದಲ್ಲಿ ಸೆರೆಯಲ್ಲಿ ಕೂತು ಅದೇ ಮಾರ್ಕನನ್ನು ಕರಕೊಂಡು ಬಾ, ಅವನು ನನಗೆ ಬೇಕು ಅಂತ ಬರೆಸಿದ. ಧಾರವಾಡದಲ್ಲಿ ದಿನಾ ಕಿಟ್ಟೆಲ್ ಕಾಲೇಜಿನ ಮುಂದೆ ಓಡಾಡುತ್ತೀ. ಕಿಟ್ಟೆಲ್ ಸಾಹೇಬರು 1853ರಲ್ಲಿ ಈ ಕಡೆ ಬಂದದ್ದು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ. ವರ್ಷಗಟ್ಟಲೆ ಕನ್ನಡ ಶಬ್ದ ಕೂಡಿಸಿದರು, ನಿಘಂಟು ಅಚ್ಚಾದದ್ದು 1894ರಲ್ಲಿ. ಪಾದ್ರಿಗಳೆಲ್ಲರೂ ಊರೂರು ಸುತ್ತಿ ಸುವಾರ್ತೆ ಸಾರಲೇಬೇಕು ಅಂತ ಹಟ ಹಿಡಿದಿದ್ದರೆ ಆ ನಿಘಂಟು ಎಲ್ಲಿರುತ್ತಿತ್ತು? ನೋಡು, ಉಪದೇಶ ಶುರುವಾಯಿತು. ಬೇಡ ಅಂದುಕೊಂಡೇ ಕೂತಿದ್ದೆ.

ತಡವಾಗಿ ಬರೋದು ಸರಿ ಅಂತ ನಾನು ಹೇಳೋದಿಲ್ಲ. ಅವಳನ್ನು ಒಬ್ಬಳನ್ನೇ ಕರೆದು ಹೇಳು. ಆದರೆ ನಿಮ್ಮ ಹಾಸ್ಟೆಲಿನ ಅಡುಗೆಯವ್ವ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ರಾತ್ರಿ ಕೂತವಳು ಇವಳೇ ಅಂತ ನೀನೇ ಹೇಳಿದ್ದೆ. ಆ ವಾರ ನೀನು ಪ್ರಾಕ್ಟೀಸ್ ತಪ್ಪಿಸಲಿಲ್ಲ. ಎರಡೂ ಚಲೋ ಕೆಲಸವೇ.

ಸ್ವರ ತಪ್ಪಿದವರನ್ನು ಹಿಡಿಯೋದು ನಿನಗೆ ಕಲಿಸಿದೆ. ಬಾಗಿಲು ತೆರೆಯೋದು ಕಲಿಸಲಿಲ್ಲ. ತಪ್ಪು ನನ್ನದು.

ನಿಮ್ಮವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಈ ವರ್ಷ ಹಿತ್ತಲಲ್ಲಿ ಕುಂಬಳ ಚಲೋ ಬಿಟ್ಟಿದೆ, ಎರಡು ಕಾಯಿ ಜೊತೆಗೆ ಇಡುತ್ತೇನೆ. ಶನಿವಾರ ಮಧ್ಯಾಹ್ನದ ಗದಗ ಬಸ್ಸು. ಭಾರ ಜಾಸ್ತಿ, ಒಬ್ಬಳೇ ಎತ್ತಲಾರೆ. ಯಾರನ್ನಾದರೂ ಜೊತೆಗೆ ಕರಕೊಂಡು ಸ್ಟ್ಯಾಂಡಿಗೆ ಬಾ.

ನಿನ್ನ ಅಪ್ಪ
ಬೆಟಗೇರಿ