ಕ್ರೈಸ್ತ ಲೇಖಕರು ಡಿಸೆಂಬರ್‌ಗೆ ಮಾತ್ರ ಬೇಕಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಾದಂಬರಿಕಾರ ನಾ. ಡಿಸೋಜ ಅವರು 2025ರ ಜನವರಿ 5ಕ್ಕೆ ತೀರ್ಕೊಂಡಾಗ ಪತ್ರಿಕೆಗಳೆಲ್ಲ ಅವರ ಬಗ್ಗೆ ತುಂಬಾ ಪ್ರೀತಿಯಿಂದ ಬರೆದ್ವು. ಆವಾಗಿಂದ ಒಂದು ಪ್ರಶ್ನೆ ನನ್ನ ತಲೇಲಿ ಕೊರೀತಾನೇ ಇದೆ. ಈಗ ಕನ್ನಡದಲ್ಲಿ ಬರೀತಿರೋ ಕ್ರೈಸ್ತ ಲೇಖಕರ ಹೆಸರು ಹೇಳಿ ಅಂದ್ರೆ ನಿಮ್ಮ ಓದುಗರಲ್ಲಿ ಎಷ್ಟು ಜನ ಹೇಳ್ತಾರೆ? ಬರೆಯೋರು ಇಲ್ಲ ಅಂತಲ್ಲ, ಬೇಕಾದಷ್ಟು ಜನ ಇದ್ದಾರೆ, ಅವರ ಪುಸ್ತಕಗಳು ಚರ್ಚಿನ ಕಾಂಪೌಂಡ್ ದಾಟ್ತಿಲ್ಲ ಅಷ್ಟೆ.

ಭಾನುವಾರ ಬಲಿಪೂಜೆ, ಅಂದ್ರೆ ಚರ್ಚಿನ ಆರಾಧನೆ, ಮುಗಿದ್ಮೇಲೆ ನಮ್ಮ ಚರ್ಚಿನ ಬಾಗಿಲ ಹತ್ರ ಒಂದು ಟೇಬಲ್ ಹಾಕಿರ್ತಾರೆ, ಅದರ ಮೇಲೆ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಪುಸ್ತಕ, ಸಂತರ ಜೀವನಚರಿತ್ರೆ, ಜಪಸರ, ಮೇಣದ ಬತ್ತಿ, ಇದ್ರ ಮಧ್ಯೆ ಒಂದೋ ಎರಡೋ ಕವನ ಸಂಕಲನ, ಒಂದು ಕಥಾ ಸಂಕಲನ. ಆ ಪುಸ್ತಕ ಬಿಡುಗಡೆ ಆಗಿದ್ದೂ ಅದೇ ಚರ್ಚಿನ ಹಾಲ್‌ನಲ್ಲಿ, ಮುನ್ನುಡಿ ಬರೆದಿದ್ದು ಒಬ್ಬರು ಫಾದರ್, ಕೊಂಡ್ಕೊಂಡಿದ್ದು ನಾವೇ. ಪೇಟೆಯ ಪುಸ್ತಕದಂಗಡೀಲಿ ಒಂದು ಪ್ರತಿ ಸಿಗಲ್ಲ, ಲೈಬ್ರರೀಲೂ ಇಲ್ಲ.

ಡಿಸೋಜ ಅವರ ದಾರಿ ಹೀಗಿರ್ಲಿಲ್ಲ. ಸಾಗರದವರು, ಲೋಕೋಪಯೋಗಿ ಇಲಾಖೆಲಿ ಕೆಲಸದಲ್ಲಿದ್ದೋರು, ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಜನರ ಮನೆ ತೋಟ ಗದ್ದೆ ಎಲ್ಲಾ ಮುಳುಗಿದ ಸಂಕಟಾನ ಹತ್ತಿರದಿಂದ ಕಂಡೋರು. ಅವರ ‘ದ್ವೀಪ’ ಕಾದಂಬರೀಲಿ ಸುತ್ತಲೂ ನೀರು ಏರ್ತಿದ್ರೂ ಗುಡ್ಡದ ಮೇಲೆ ಉಳಿದ್ಬಿಡೋ ಗಣಪಯ್ಯ, ನಾಗವೇಣಿ ಇದ್ದಾರಲ್ಲ, ಅವರನ್ನ ಓದುವಾಗ ಬರೆದೋರು ಯಾವ ಧರ್ಮದವರು ಅಂತ ಯಾರಿಗೂ ನೆನಪೇ ಆಗಲ್ಲ, ಗಿರೀಶ ಕಾಸರವಳ್ಳಿ ಅದನ್ನ ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತೀನೂ ಬಂತು. ಹಾಗಂತ ಅವರು ತಮ್ಮ ಜನರನ್ನ ಪಕ್ಕಕ್ಕಿಟ್ಟು ಹೊರಗೆ ಹೋದ್ರಾ, ಇಲ್ಲ, ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದಿದ್ದೂ ಅವರೇ. ಯಾರಿಗೂ ಉಪದೇಶ ಮಾಡೋಕೆ ಹೋಗ್ಲಿಲ್ಲ, ಮುಳುಗಿದ ಊರಿನ ಕಥೆ ಹೇಳ್ದಷ್ಟೇ ಸಹಜವಾಗಿ ಚರ್ಚಿನ ಸುತ್ತಲಿನ ಮನೆಗಳ ಕಥೇನೂ ಹೇಳಿದ್ರು. 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನ ಕನ್ನಡದ ಲೇಖಕ ಅಂತಾನೇ ಕರೆದಿದ್ದು.

ಅವರಿಗಿಂತ ಹಿಂದೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಜರ್ಮನಿಯಿಂದ ಬಂದ ಪಾದ್ರಿಗಳಾದ ಕಿಟೆಲ್ ಮಾಡಿದ ನಿಘಂಟು, ಮೋಗ್ಲಿಂಗ್ ತಂದ ಪತ್ರಿಕೆ ಎಲ್ರಿಗೂ ಗೊತ್ತು, ಅದನ್ನ ಮತ್ತೆ ಹೇಳೋದು ಬೇಡ, ಆದ್ರೆ ಉತ್ತಂಗಿಯವರನ್ನ ನಮ್ಮ ಚರ್ಚಿನ ಹುಡುಗರೇ ಮರೆತಿದ್ದಾರೆ ಅನ್ನೋದು ನನಗೆ ನಿಜವಾಗ್ಲೂ ನೋವಿನ ವಿಷಯ. ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿ ಆಗಿದ್ದೋರು, ಊರೂರಿಂದ ಸರ್ವಜ್ಞನ ತ್ರಿಪದಿಗಳನ್ನ ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದ್ರು, ಇವತ್ತು ಮೇಷ್ಟ್ರು ಕ್ಲಾಸಲ್ಲಿ ಹೇಳ್ಕೊಡೋ ಸರ್ವಜ್ಞನ ಹಿಂದೆ ಆ ಪಾದ್ರಿಯ ಬೆವರಿದೆ. ವಚನಗಳ ಮೇಲೂ, ಅನುಭವ ಮಂಟಪದ ಮೇಲೂ ಕೆಲಸ ಮಾಡಿದ್ರು. 1949ರ ಕಲಬುರಗಿ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾಡೇ ಅವರನ್ನ ‘ತಿರುಳ್ಗನ್ನಡದ ತಿರುಕ’ ಅಂತ ಕರೀತು, ಕೊನೇವರೆಗೂ ಕ್ರೈಸ್ತರಾಗೇ ಇದ್ರು.

ಈಗಿನ ನಮ್ಮ ಲೇಖಕರಿಗೆ ಸಮಸ್ಯೆ ಎರಡೂ ಕಡೆ ಇದೆ. ನಮ್ಮಲ್ಲಿ ಬರೆಯೋರಿಗೆ ಚರ್ಚಿನ ಮಾಸಪತ್ರಿಕೇಲಿ ಬಂದ್ರೆ ಸಾಕು ಅನ್ಸಿಬಿಟ್ಟಿದೆ, ಹೊರಗೆ ಕಳಿಸೋಕೆ ಹಿಂಜರಿಕೆ. ಹೊರಗೆ ಕಳಿಸಿದ್ರೆ ಏನಾಗತ್ತೆ ಅಂತಾನೂ ಕೇಳಿ. ನಮ್ಮ ಚರ್ಚಿನ ಒಬ್ಬ ಹುಡುಗಿ ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟಿನ ಲೈನ್ ಮನೇಲಿ ಬೆಳೆದೋಳು, ಅವಳ ಅಜ್ಜಿ ಬಗ್ಗೆ ಒಂದು ಕಥೆ ಬರೆದ್ಲು. ಹಣ್ಣು ಕುಯ್ದು ಸುಸ್ತಾಗಿ ಬಂದ ಅಜ್ಜಿ ಸಂಜೆ ಜಪಸರ ಹೇಳ್ತಾ ಹೇಳ್ತಾ ಮಧ್ಯೆ ನಿಲ್ಲಿಸಿ ಈ ವಾರದ ಬಟವಾಡೆ ಲೆಕ್ಕ ಹಾಕ್ತಾಳೆ, ಮತ್ತೆ ಬಿಟ್ಟ ಮಣಿಯಿಂದ ಶುರು ಮಾಡ್ತಾಳೆ. ಎಂಥಾ ಕಥೆ ಗೊತ್ತಾ! ಒಂದು ಪತ್ರಿಕೆಗೆ ಕಳಿಸಿದ್ಲು, ಉತ್ತರ ಬಂತು, ಚೆನ್ನಾಗಿದೆ, ಕ್ರಿಸ್‌ಮಸ್ ಟೈಮಲ್ಲಿ ನೋಡೋಣ ಅಂತ. ಆ ಕಥೇಲಿ ಕ್ರಿಸ್‌ಮಸ್ಸೇ ಇಲ್ಲ ಸರ್, ಇರೋದು ಕೂಲಿ ಲೆಕ್ಕ. ಕ್ರಿಸ್‌ಮಸ್ ಬಂದು ಹೋಯ್ತು, ಕಥೆ ಬರ್ಲಿಲ್ಲ.

ಡಿಸೆಂಬರ್ 25ರ ಪುಟಕ್ಕೆ ಗೋದಲಿ, ಕೇಕು, ಶಾಂತಿ ಸಂದೇಶ ಬರೆದುಕೊಡಿ ಅಂತ ನಮ್ಮೋರನ್ನ ಕೇಳ್ತೀರಿ, ಸಂತೋಷ, ಬರೀತಾರೆ. ಆದ್ರೆ ಮಾರ್ಚಲ್ಲಿ ಬರ ಬಂದಾಗ, ಜೂನಲ್ಲಿ ಸ್ಕೂಲ್ ಶುರುವಾದಾಗ, ಅಡಿಕೆ ರೇಟು ಬಿದ್ದಾಗಲೂ ಅವರನ್ನ ಕೇಳಿ, ಅವರ ಮನೇಲೂ ಅದೇ ನೀರಿನ ಕಷ್ಟ, ಅದೇ ಫೀಸು. ಪುಸ್ತಕ ವಿಮರ್ಶೆ ಅಂಕಣಕ್ಕೆ ಧರ್ಮಪ್ರಾಂತ್ಯಗಳ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ವಲಯ) ಪ್ರಕಾಶನದ ಕಥೆ ಕಾದಂಬರಿ ಬಂದ್ರೆ ಪ್ರಾರ್ಥನೆ ಪುಸ್ತಕ ಇರ್ಬೇಕು ಅಂತ ಪಕ್ಕಕ್ಕಿಡದೆ ಒಂದ್ಸಲ ತೆರೆದು ನೋಡಿ. ನಮ್ಮ ಧರ್ಮಪ್ರಾಂತ್ಯಗಳಿಗೂ ನನ್ನ ಬೇಡಿಕೆ ಇದೆ, ಪುಸ್ತಕ ಹಾಕಿಸಿದ್ರೆ ತಾಲ್ಲೂಕು ಲೈಬ್ರರಿಗೆ ಕೊಡಿ, ಸಾಹಿತ್ಯ ಸಮ್ಮೇಳನದಲ್ಲಿ ಮಳಿಗೆ ಹಾಕಿ, ಬಿಡುಗಡೆಗೆ ಊರಿನ ಬೇರೆ ಲೇಖಕರನ್ನೂ ಕರೀರಿ.

ಆ ಹುಡುಗಿಯ ಕಥೆ ಓದ್ಬೇಕು ಅಂತ ನಿಮಗೆ ಅನ್ಸಿದ್ರೆ ದಯವಿಟ್ಟು ಒಂದು ಮಾತು ತಿಳಿಸಿ, ಅವಳನ್ನ ಕೇಳಿ ಈ ವಾರಾನೇ ಕಳಿಸಿಕೊಡ್ತೀನಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ