ಖಾಲಾ ಕನ್ನಡದಲ್ಲಿ ಹೇಳಿದ ಶಾರುಖ್

ಪ್ರಿಯ ಸದಸ್ಯರೇ,

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಈ ಸಂಚಿಕೆ ಮುದ್ರಣಕ್ಕೆ ಹೋಗಬೇಕು. ಸಂಪಾದಕೀಯಕ್ಕೆ ಕೂತಾಗ ಮಗಳು ಕೇಳಿದಳು: "ಅಮ್ಮಾ, ನವೆಂಬರ್ 1ಕ್ಕೆ ಕನ್ನಡ ಬಾವುಟ ಕಟ್ತೀಯ. 2ಕ್ಕೆ ಶಾರುಖ್ ಖಾನ್ ಹುಟ್ಟುಹಬ್ಬ ಅಂತ ಪಾಯಸ ಮಾಡ್ತೀಯ. ಅವನು ಹಿಂದಿಯವನಲ್ವಾ?"

ಅವನ ತಾತ ಮಂಗಳೂರು ಬಂದರಿನಲ್ಲಿ ಎಂಜಿನಿಯರ್ ಆಗಿದ್ದರು, ಎಳೆಯ ಮಗುವಾಗಿದ್ದಾಗ ಅವನು ಅಲ್ಲೇ ಇದ್ದ ಅಂದೆ. ಅವಳು ಒಪ್ಪಲಿಲ್ಲ. ಆಮೇಲೆ ನಿಜವಾದ ಕಾರಣ ಹೇಳಿದೆ.

ನಾನು ಬೆಳೆದ ಮನೆ ಶಿಡ್ಲಘಟ್ಟದ ಅಂಚಿನಲ್ಲಿ. ಆಗಿನ್ನೂ ಅದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಪಕ್ಕದ ರೀಲರ್ ಮನೆಯಲ್ಲಿ ಉರ್ದು. 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ತೆರೆಗೆ ಬಂದದ್ದು 1995ರ ಅಕ್ಟೋಬರ್ 20ಕ್ಕೆ. ನಮ್ಮ ಬೀದಿಗೆ ಬಂದದ್ದು ಮರುವರ್ಷ, ಬಾಡಿಗೆ ವಿಸಿಆರ್‌ನಲ್ಲಿ. ಅದೇ ವಾರ ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆ ವಾರ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ತಿನ್ನುವ ಸದ್ದು ಸೋನೆ ಮಳೆಯ ಹಾಗೆ. ಸಿನಿಮಾ ಅರ್ಧಕ್ಕೆ ಬಂದಾಗ ಅಮ್ಮ ಕೂಗಿದಳು. ನಾನು ಓಡಿ, ಸೊಪ್ಪು ಹಾಕಿ ಬರುವ ತನಕ ಪಕ್ಕದ ಮನೆಯ ಖಾಲಾ (ಉರ್ದುವಿನಲ್ಲಿ ಚಿಕ್ಕಮ್ಮ) ಕ್ಯಾಸೆಟ್ಟನ್ನು ನಿಲ್ಲಿಸಿಯೇ ಇಟ್ಟಿದ್ದರು. ಇಡೀ ಬೀದಿ ನನಗಾಗಿ ಕಾದಿತ್ತು.

ನನಗೆ ಹಿಂದಿ ಬರುತ್ತಿರಲಿಲ್ಲ. ಒಂದೊಂದು ಮಾತನ್ನೂ ಖಾಲಾ ಕನ್ನಡದಲ್ಲಿ ಹೇಳಿದರು. "ನೋಡೇ, ಹೆಂಗಸರ ಜೊತೆ ಕೂತ್ಕೊಂಡು ಕ್ಯಾರೆಟ್ ಹೆರೀತಾವ್ನೆ!" ಹುಡುಗಿಯ ತಾಯಿಯೇ ಒಡವೆ ಕೊಟ್ಟು, ಕರ್ಕೊಂಡು ಓಡಿಹೋಗು ಅಂದರೂ ಅವನು ಓಡುವುದಿಲ್ಲ. ಹುಡುಗಿ ಉಪವಾಸ ಇದ್ದ ದಿನ ತಾನೂ ಉಪವಾಸ. ಹೆಣ್ಣು ಮಾತಾಡುವಾಗ ಶಾರುಖ್ ಕೇಳಿಸಿಕೊಳ್ಳುತ್ತಾನೆ. ಮುಖವೆಲ್ಲ ಕಿವಿಯಾಗಿರುತ್ತದೆ. ಅಂಥ ಗಂಡಸನ್ನು ನಾನು ತೆರೆಯ ಮೇಲೆ ಅಲ್ಲಿಯವರೆಗೆ ನೋಡಿರಲಿಲ್ಲ. ಅವನ ಆ ಮಾತೆಲ್ಲ ನನ್ನ ತಲೆಯಲ್ಲಿ ಇವತ್ತಿಗೂ ಕನ್ನಡದಲ್ಲೇ ಇದೆ, ಖಾಲಾ ದನಿಯಲ್ಲಿ.

ಆಗ ಹುಡುಗಿಯ ಅಪ್ಪನ ಮೇಲೆ ನನಗೆ ಸಿಟ್ಟಿತ್ತು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾ ಪಂಜಾಬಿನ ಸಾಸಿವೆ ಹೊಲ ನೆನೆಯುವ ಮನುಷ್ಯ. ಈಗ ಅವನನ್ನು ನೋಡಿದರೆ ಗಂಟಲು ಕಟ್ಟುತ್ತದೆ. ನಾನೂ ಈಗ ಅವನ ಹಾಗೆ ಪರದೇಶದಲ್ಲಿದ್ದೇನೆ. ಇಲ್ಲಿ ನಾಲ್ಕೂವರೆಗೇ ಕತ್ತಲೆ. ಊರಲ್ಲಿ ರಾಗಿ ತೆನೆ ಬಲಿತಿರುತ್ತದೆ, ರಾಗಿ ನಡುವಿನ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ. ಊರಿಗೆ ಮರಳಿದ ಆ ಅಪ್ಪನ ಪಕ್ಕದಲ್ಲಿ ಬೆಳಗಿನ ಜಾವ ನಿಂತು ತಾನೂ ಕಾಳು ಹಾಕುವವನು ಶಾರುಖ್. ನನಗೆ ಈಗ ಜಾಸ್ತಿ ಇಷ್ಟವಾಗುವುದು ಅದೇ ದೃಶ್ಯ.

ಮರೆಯುವ ಮುಂಚೆ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಸಂಜೆ 4ಕ್ಕೆ, ಎಂದಿನ ಶಾಲಾ ಸಭಾಂಗಣದಲ್ಲಿ. ನಾಡಗೀತೆಗೆ ಮಕ್ಕಳು 3 ಗಂಟೆಗೇ ಬರಲಿ. ಒಬ್ಬಟ್ಟು ತರುವವರು ಎಷ್ಟು ಅಂತ ಮೊದಲೇ ತಿಳಿಸಿ. ಕನ್ನಡ ತರಗತಿ ಪ್ರತಿ ಭಾನುವಾರ 10ಕ್ಕೆ, ಆ ವಾರ ರಜೆ. ಸದಸ್ಯತ್ವದ ಹಣ ಡಿಸೆಂಬರ್ ಒಳಗೆ.

ಇನ್ನೊಂದು ಮಾತು. ನಾಲ್ಕು ವರ್ಷದಿಂದ ಪುಟ ಜೋಡಿಸುವುದು, ಕರಡು ತಿದ್ದುವುದು ಎಲ್ಲಾ ನಾನೊಬ್ಬಳೇ. ದಯವಿಟ್ಟು ಯಾರಾದರೂ ಕೈ ಜೋಡಿಸಿ, ತಿಂಗಳಿಗೆ ಎರಡು ಸಂಜೆ ಸಾಕು. 2ನೇ ತಾರೀಕು ಸಂಜೆ ಮನೆಯಲ್ಲೇ ಇರುತ್ತೇನೆ. ಬನ್ನಿ, ಪಾಯಸವೂ ಇರುತ್ತದೆ.

— ಸಂಪಾದಕಿ