ಬೆಕ್ಕು ಕಳೆದುಕೊಂಡವರಿಗೆ, ಅವರಿಗೆ ಮೆಸೇಜ್ ಹಾಕುವವರಿಗೆ

ಬೆಕ್ಕು ತೀರಿಹೋಯ್ತು ಅಂತ ಯಾರಾದರೂ ಇಲ್ಲಿ ಬರೆದರೆ ದಯವಿಟ್ಟು 'ಇನ್ನೊಂದು ಮರಿ ತನ್ನಿ' ಅಂತ ತಕ್ಷಣ ಹೇಳಬೇಡಿ. ಅವರಿಗೆ ಬೇಕಿರುವುದು ಆ ಬೆಕ್ಕೇ, ಅಲ್ವಾ?

ಕಳೆದುಕೊಂಡವರೇ, 'ಮೊದಲೇ ಗೊತ್ತಾಗಬೇಕಿತ್ತು' ಅಂತ ಸುಮ್ನೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಬೆಕ್ಕುಗಳು ಕಾಯಿಲೆಯನ್ನು ಎಷ್ಟು ಚೆನ್ನಾಗಿ ಮುಚ್ಚಿಡುತ್ತವೆ ಅಂದರೆ, ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಕೆಟ್ಟಿದ್ದರೂ ಎಂದಿನಂತೆ ಕಿಟಕಿಯಲ್ಲಿ ಕೂತು ಮೈ ನೆಕ್ಕಿಕೊಳ್ಳುತ್ತಿರುತ್ತವೆ. ಬಾಗಿಲು ತೆಗೆಯುವಾಗ, ಅದು ಹೊರಗೆ ಓಡದಿರಲಿ ಅಂತ ಕಾಲು ಅಡ್ಡ ಇಡುವ ಅಭ್ಯಾಸ ಇನ್ನೂ ಹೋಗಿಲ್ಲವೇ? ಅದು ಹುಚ್ಚಲ್ಲ.

ಮಕ್ಕಳಿಗೆ 'ಮಲಗಿದೆ' ಅನ್ನಬೇಡಿ, ಸತ್ತಿದೆ ಅಂತಲೇ ಹೇಳಿ. ಇಲ್ಲದಿದ್ದರೆ ಕೆಲವು ಮಕ್ಕಳು ಮಲಗುವುದಕ್ಕೇ ಹೆದರುತ್ತಾರೆ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದೂ ಹುಡುಕಬಹುದು, ಕೂಗಬಹುದು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರ್‌ಗೆ ತೋರಿಸಿ. ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ಗೆ ಬೇಗ ಪೆಟ್ಟು ಬೀಳುತ್ತದೆ.